ಕೆಂಪು ಗೀಟು

ತಕೊರಾಡಿಯ ಮಾರ್ಕೆಟ್ ಸರ್ಕಲ್ಲಿನ ಹಿಂದೆ,
ಪಂಕ್ಚರ್ ಹಾಕುವವನ ಪಕ್ಕ, ನನ್ನ ಅಂಗಡಿ.
ಅರಾಬಾ ಎಶುನ್ ಅದನ್ನು ತಲೆ ಮೇಲೆ ಹೊತ್ತು ತಂದಳು,
ಹದಿನೆಂಟು ಕಿಲೋ, ಕೈ ಕೂಡ ಹಿಡಿದಿರಲಿಲ್ಲ.
"ಚರ್ಚಿನವರು ಹೊಸದು ತಂದರು, ಇದನ್ನು ನನಗೆ ಕೊಟ್ಟರು.
ಮಾತಾಡಿಸು ಎಕೊ. ಕೆಂಕೆ ತಿನ್ನೋರು
ಹಾಡು ಕೇಳ್ತಾ ಕೂತರೆ ಇನ್ನೊಂದು ಉಂಡೆ ತಿಂತಾರೆ."

ಅವಳಿಗೇ ಯಾಕೆ ಕೊಟ್ಟರು ಅಂತ ನಾನು ಕೇಳಲಿಲ್ಲ.
ಊರಿಗೆಲ್ಲ ಗೊತ್ತಿತ್ತು.

ತಿರುಪು ಬಿಚ್ಚಿದೆ. ಹದಿನಾಲ್ಕು.
ಎರಡು ತುಕ್ಕು ಹಿಡಿದು ಹಟ ಮಾಡಿದವು.
ಒಳಗೆ ಹನ್ನೊಂದು ಹರ್ಮಟಾನ್ ಗಾಳಿಗಳ ಧೂಳು,
ಹಲ್ಲಿ ಮೊಟ್ಟೆಯ ಎರಡು ಚಿಪ್ಪು,
ಆರಿ ಎಷ್ಟೋ ದಿನವಾದರೂ ಹೋಗದ ಸುಟ್ಟ ವಾಸನೆ.

ಇಂಥ ಪೆಟ್ಟಿಗೆಯ ಸ್ವಭಾವವೇ ಬೇರೆ.
ಬಡ ಸ್ಪೀಕರು ಯಾರು ಉಸಿರು ಕೊಟ್ಟರೂ ಹಾಡುತ್ತದೆ.
ಇದು ಉಸಿರನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಹುಟ್ಟಿದ್ದು:
ಮಂದ್ರಕ್ಕೊಂದು ಆಂಪ್ಲಿಫಯರ್, ತಾರಕ್ಕೊಂದು,
ನಡುವೆ ಅಂಗೈಯಗಲದ ಹಸಿರು ಬೋರ್ಡು,
ದನಿಯ ದಾರಿಯಲ್ಲಿ ಕೂತ ಸುಂಕದವನು.
ಸುಖದುಃಖ ಕೇಳುವುದಿಲ್ಲ, ಬರೀ ಎತ್ತರ ನೋಡುತ್ತಾನೆ:
ಎರಡು ಸಾವಿರ ಹರ್ಟ್ಸಿಗಿಂತ ಕೆಳಗೋ, ನೀನು ಆ ಕಡೆ,
ಮೇಲೋ, ಈ ಕಡೆ.
ಕರೆಂಟು ಹೋಗಿ ಬಂದ ಒಂದು ಭಾನುವಾರ
ಮೂವರೂ ಒಟ್ಟಿಗೆ ಸುಟ್ಟಿದ್ದರು.

ಕೋನು ಮಾತ್ರ ಚೆನ್ನಾಗಿತ್ತು. ಬೆರಳಿಂದ ಮೆಲ್ಲಗೆ ಒತ್ತಿದೆ,
ಮಲಗಿದ ಮಗುವಿನ ಹೊಟ್ಟೆಯ ಹಾಗೆ
ಒಳಗೆ ಹೋಗಿ ಬಂತು.

ಫೀಫಿ ಅವಸರದ ಹುಡುಗ.
"ಎರಡು ವೈರು ಎಳೆದು ನೇರ ಕೊಟ್ಟುಬಿಡೋಣ ಮೇಸ್ತ್ರಿ."
ಕೊಟ್ಟರೆ ಸಣ್ಣ ಬಾಯಿಗೆ ದೊಡ್ಡ ತುತ್ತು.
ಹದಿನಾರನೇ ವಯಸ್ಸಿನಲ್ಲಿ ನಾನೂ ಹಾಗೇ ಒಂದು ಟ್ವೀಟರ್ ಸುಟ್ಟವನು.
ಅಮಿಸಾ ಮೇಸ್ತ್ರಿ ಹೊಡೆಯಲಿಲ್ಲ, ಬೈಯಲಿಲ್ಲ.
ಸತ್ತದ್ದನ್ನು ಅಂಗೈಯಲ್ಲಿಟ್ಟು, ಮನೆಗೆ ಒಯ್ಯಿ ಎಂದರು.
ಈಗಲೂ ಇದೆ, ಹಲ್ಲುಜ್ಜುವ ಬ್ರಷ್ಷಿನ ಪಕ್ಕ.

ಅದಕ್ಕೇ ಮೊದಲು ಕವಲು ಕಟ್ಟಬೇಕು,
ಕರೆಂಟು ಬೇಡದ ಕವಲು: ಒಂದು ಕೆಪಾಸಿಟರ್, ಒಂದು ಸುರುಳಿ.
ಕೆಟ್ಟ ಪಂಪಿನ ತಾಮ್ರದ ತಂತಿಯನ್ನು
ಮಾತ್ರೆಯ ಡಬ್ಬಿಗೆ ಸುತ್ತಿದೆ, ಫೀಫಿ ಎಣಿಸಿದ.
ನೂರಾ ಹತ್ತು, ನೂರಾ ಹನ್ನೊಂದು...
ಟ್ರೋಟ್ರೋ ವ್ಯಾನಿನ ಹುಡುಗ ಊರಿನ ಹೆಸರು ಕೂಗಿ
ಲೆಕ್ಕ ತಪ್ಪಿತು. ಬಿಚ್ಚಿ ಮತ್ತೆ ಮೊದಲಿಂದ.
ಹಳೇ ಟ್ಯಾಕ್ಸಿಯ ಆಂಪ್ಲಿಫಯರ್ ಒಂದಿತ್ತು, ಬ್ಯಾಟರಿ ಸಾಕು ಅದಕ್ಕೆ.
ಕರೆಂಟಿನ ಹಂಗು ಅವಳಿಗೆ ಇನ್ನು ಬೇಡ.

ಉಳಿದದ್ದು ಬೆನ್ನಿನ ತಟ್ಟೆ.
ಅಲ್ಯೂಮಿನಿಯಂ, ಶಾಖ ಬಿಡಲು ಬಾಚಣಿಗೆಯಂಥ ಹಲ್ಲುಗಳು,
ಒಂದು ತಿರುಗುಗುಂಡಿ, ಗುಂಡಿಯ ಪಕ್ಕ
ಉಗುರುಬಣ್ಣದ ಒಂದು ಕೆಂಪು ಗೀಟು.
ಕ್ವಾಮೆನಾ ಎಳೆದದ್ದು. ವಾರವೆಲ್ಲ ದೋಣಿ, ಭಾನುವಾರ
ಪಾದ್ರಿಯ ಹಿಂದೆ ಮೊಣಕಾಲೂರಿ ಕೂರುತ್ತಿದ್ದ,
ಪ್ರಾರ್ಥನೆಗಲ್ಲ, ವೈರಿಗೆ.
ಇಲ್ಲಿವರೆಗೆ ತಿರುಗಿಸಬಹುದು, ದಾಟಿದರೆ ಕಿರುಚುತ್ತದೆ.
ಬಣ್ಣ ಅವಳದು.
ಕಳೆದ ಆಗಸ್ಟಿನಲ್ಲಿ ದೋಣಿ ವಾಪಸು ಬಂತು.

"ಇದನ್ನೇನು ಮಾಡಲಿ?" ಅಂದೆ, ಅವಳ ಮುಖ ನೋಡದೆ.
"ಅಲ್ಯೂಮಿನಿಯಂ ಕಿಲೋಗೆ ಎಷ್ಟು?"
ಹೇಳಿದೆ. ಕೈಯಲ್ಲೇ ತೂಗಿ ನೋಡಿದಳು.
ಬುಟ್ಟಿಗೆ ಹಾಕಿಕೊಂಡು ಹೋದಳು.

ಮೆಕ್ಕೆಜೋಳದ ಹಿಟ್ಟು ಹುಳಿ ಬರಿಸಿ, ಉಂಡೆ ಕಟ್ಟಿ,
ಬಾಳೆಲೆಯಲ್ಲಿ ಸುತ್ತಿ ಬೇಯಿಸುವ ಹಂಡೆ.
ಅದರ ಮೇಲೆ ಗೋಣಿ, ಗೋಣಿಯ ಮೇಲೆ ಭಾರಕ್ಕೆ ಆ ತಟ್ಟೆ.
ಹಲ್ಲುಗಳ ಸಂದಿಯಲ್ಲಿ ಹಬೆ ಏಳುತ್ತದೆ:
ಶಾಖ ಬಿಡುವ ಕಸುಬು ಬಿಟ್ಟಿಲ್ಲ.
ಬೆಂಚಿನ ಕೆಳಗೆ ಪೆಟ್ಟಿಗೆ ಹಾಡುತ್ತದೆ,
ಮಂದ್ರ ಸ್ವಲ್ಪ ಮಂಕು, ನನ್ನ ಸುರುಳಿಯ ತಪ್ಪು. ಯಾರೂ ದೂರಿಲ್ಲ.

ನಿನ್ನೆ ಹಂಡೆ ಉಕ್ಕಿತು.
ಅರಾಬಾ ಗಿರಾಕಿಗೆ ಚಿಲ್ಲರೆ ಎಣಿಸುತ್ತಲೇ
ಅತ್ತ ನೋಡದೆ ಕೈಚಾಚಿ
ಗುಂಡಿಯನ್ನು ಒಂದಿಷ್ಟು ಎಡಕ್ಕೆ ತಿರುಗಿಸಿದಳು.

ಹಬೆ ಹಾಗೇ ಇತ್ತು.
ನಾನು ಮೆಣಸಿನ ಚಟ್ನಿ ಕೇಳಿ
ಇನ್ನೊಂದು ಉಂಡೆ ತಿಂದೆ.